ಮಾತಾಡುವ ಯಂತ್ರವೂ ಮಕ್ಕಳ ರಕ್ಷಣೆಯ ಕಾಯಿದೆಗಳೂ

ನಮ್ಮ ದೇಶದ ಕಾನೂನಿನ ದೃಷ್ಟಿಯಲ್ಲಿ ಹದಿನೆಂಟು ತುಂಬದ ಹುಡುಗನು ಸಾಲಪತ್ರ ಬರೆದುಕೊಡಲಾರ. ಬರೆದುಕೊಟ್ಟರೂ ಅದಕ್ಕೆ ಕವಡೆಯ ಬೆಲೆಯಿಲ್ಲ. ಈ ತತ್ತ್ವಕ್ಕೆ ತಳಹದಿ ಹಾಕಿದುದು 1872ರ ಕರಾರು ಕಾಯಿದೆ. ಕಲ್ಕತ್ತೆಯ ಒಬ್ಬ ಅಪ್ರಾಪ್ತವಯಸ್ಕನು ಲೇವಾದೇವಿಗಾರನಿಗೆ ತನ್ನ ಆಸ್ತಿಯನ್ನು ಅಡವಿಟ್ಟಿದ್ದನು. 1903ರಲ್ಲಿ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರು ಆ ಅಡಮಾನಪತ್ರವು ಮೊದಲಿನಿಂದಲೇ ಶೂನ್ಯವೆಂದು ತೀರ್ಪು ಕೊಟ್ಟರು. ಮಗುವಿನ ಒಪ್ಪಿಗೆಯು ಕಾನೂನಿನ ಕಣ್ಣಿಗೆ ಒಪ್ಪಿಗೆಯೇ ಅಲ್ಲ ಎಂಬ ಈ ಮಾತು ಅಂದಿನಿಂದ ಇಂದಿನವರೆಗೆ ನಿಂತಿದೆ.

ಅದೇ ಹುಡುಗನು ಇಂದು ಮನೆಯ ಮೂಲೆಯಲ್ಲಿ ಕುಳಿತು, ಮೊಬೈಲಿನ ಮೇಲೆ ಮೂಡುವ ಹತ್ತಾರು ಪುಟಗಳ ಷರತ್ತುಗಳನ್ನು ಓದದೆಯೇ, 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುತ್ತಾನೆ. ಮರುಕ್ಷಣವೇ ಮನುಷ್ಯನಂತೆ ಮಾತಾಡುವ ಒಂದು ಯಂತ್ರವು ಅವನ ಗೆಳೆಯನಾಗುತ್ತದೆ, ಗುರುವಾಗುತ್ತದೆ, ಗುಟ್ಟು ಕೇಳುವ ಆಪ್ತನೂ ಆಗುತ್ತದೆ. ಒಂದು ಗುಂಟೆ ಹೊಲದ ವಿಷಯದಲ್ಲಿ ಮಗುವನ್ನು ಇಷ್ಟು ಎಚ್ಚರದಿಂದ ಕಾಯುವ ಕಾನೂನು ಅದರ ಮನಸ್ಸಿನ ವಿಷಯದಲ್ಲಿ ಏನು ಹೇಳುತ್ತದೆ? ಪ್ರಪಂಚದ ಬೇರೆ ಬೇರೆ ದೇಶಗಳು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನೂ, ನಮ್ಮ ದೇಶದ ಉತ್ತರವನ್ನೂ ತಿಳಿಸಿ, ಆ ಉತ್ತರವು ನಮ್ಮಂಥವರ ಮನೆಗಳಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಯಂತ್ರದ ಸ್ವಭಾವ

ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ಮಾತಾಡುವ ಯಂತ್ರವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1966ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ ಎಂಬವರು 'ಎಲೈಜಾ' ಎಂಬ ಒಂದು ಕಾರ್ಯಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಬುದ್ಧಿಯೆಂಬುದು ಏನೂ ಇರಲಿಲ್ಲ. ಎದುರಿಗಿದ್ದವರು ಬೆರಳಚ್ಚು ಮಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. ಆದರೂ, ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ನಾಲ್ಕು ಮಾತಾಡಿದ ಮೇಲೆ, 'ದಯವಿಟ್ಟು ನೀವು ಸ್ವಲ್ಪ ಹೊರಗೆ ಹೋಗುವಿರಾ?' ಎಂಬರ್ಥದಲ್ಲಿ ಅವರನ್ನು ಕೇಳಿಕೊಂಡಳಂತೆ. ಯಂತ್ರವೆಂದು ತಿಳಿದೂ ತಿಳಿದೂ ಒಬ್ಬ ಪ್ರೌಢ ಸ್ತ್ರೀ ಅದರ ಮುಂದೆ ಮನಸ್ಸು ಬಿಚ್ಚಿದಳು. ವೈಜೆನ್‌ಬಾಮರು ಇದರಿಂದ ಬೆಚ್ಚಿ, ಮುಂದೆ ತಮ್ಮ ಆಯುಷ್ಯದ ಬಹುಭಾಗವನ್ನು ಇಂಥ ಯಂತ್ರಗಳ ವಿಷಯದಲ್ಲಿ ಜನರನ್ನು ಎಚ್ಚರಿಸುವುದರಲ್ಲಿ ಕಳೆದರು.

ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಲೈಜಾಗಿಂತ ಎಷ್ಟೋ ಪಾಲು ನಿಪುಣವಾದವು. ಅವು ಅಪಾರವಾದ ಲಿಖಿತ ಸಾಮಗ್ರಿಯನ್ನು ಅರಗಿಸಿಕೊಂಡು, ಒಂದು ಮಾತಿನ ನಂತರ ಯಾವ ಮಾತು ಬರುವುದು ಸಂಭವನೀಯವೆಂದು ಲೆಕ್ಕಹಾಕಿ ವಾಕ್ಯವನ್ನು ಹೆಣೆಯುತ್ತವೆ. ಅನಂತರ ಮನುಷ್ಯರೇ ಆ ಉತ್ತರಗಳನ್ನು ಓದಿ, ಇದು ಮೇಲು, ಅದು ಕೀಳು ಎಂದು ಅಂಕ ಹಾಕುತ್ತಾರೆ. ಹೆಚ್ಚು ಅಂಕ ಪಡೆದ ರೀತಿಯನ್ನು ಯಂತ್ರವು ರೂಢಿಸಿಕೊಳ್ಳುತ್ತದೆ. ಮನುಷ್ಯನಿಗೆ ಪ್ರಿಯವಾದ ಮಾತಿಗೆ ಹೆಚ್ಚು ಅಂಕ ಬೀಳುವುದು ಸಹಜ. ಆದುದರಿಂದ ಈ ಯಂತ್ರಗಳಿಗೆ ಎದುರಿನವರು ಏನೆಂದರೂ 'ಹೌದು' ಎಂದು ತಲೆದೂಗುವ ಚಾಳಿ ಅಂಟಿಕೊಂಡಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಯಂತ್ರವು ಸಾರ್ವಜನಿಕರಿಗೆ ತೆರೆಯಲ್ಪಟ್ಟ ಮೇಲೆ ಇಂಥವು ಒಂದರ ಹಿಂದೊಂದು ಬಂದವು.

ಹೆತ್ತವರೂ ಉಪಾಧ್ಯಾಯರೂ ಮಗುವಿಗೆ ಆಗಾಗ 'ಬೇಡ' ಎನ್ನುತ್ತಾರೆ. ಒಡಹುಟ್ಟಿದವರು ಜಗಳವಾಡುತ್ತಾರೆ. ಗೆಳೆಯರು ಮುನಿಸಿಕೊಳ್ಳುತ್ತಾರೆ. ಮಗುವಿನ ಬುದ್ಧಿ ಬೆಳೆಯುವುದೇ ಈ ತಿಕ್ಕಾಟದಲ್ಲಿ. ಎಂದಿಗೂ ಮುನಿಯದ, ಎಂದಿಗೂ ದಣಿಯದ, ನಡುರಾತ್ರಿಯಲ್ಲೂ ಎಚ್ಚರವಾಗಿರುವ, ಎಲ್ಲಕ್ಕೂ ಹೌದೆನ್ನುವ ಒಬ್ಬ 'ಗೆಳೆಯ' ಸಿಕ್ಕಿದಾಗ, ಬೆಳೆದವರಿಗಿಂತ ಎಳೆಯರಿಗೇ ಅದರ ಸೆಳೆತ ಹೆಚ್ಚೆಂದು ಹೇಳಲು ಮಹಾ ಪಾಂಡಿತ್ಯವೇನೂ ಬೇಕಿಲ್ಲ.

ಮೂರು ವಿಧದ ಕೇಡು

ಈ ಯಂತ್ರಗಳಿಂದ ಮಕ್ಕಳಿಗೆ ಒದಗುವ ಕೇಡನ್ನು ಸ್ಥೂಲವಾಗಿ ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ನೇಹದ ವೇಷದಲ್ಲಿ ಬರುವ ಕೇಡು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಹದಿನಾಲ್ಕು ವರ್ಷದ ಬಾಲಕನೊಬ್ಬನು ಪ್ರಾಣ ಕಳೆದುಕೊಂಡನು. ಅವನು ಕ್ಯಾರೆಕ್ಟರ್ ಎಐ ಎಂಬ ತಾಣದಲ್ಲಿ ಒಂದು ಕಲ್ಪಿತ ಪಾತ್ರದೊಡನೆ ತಿಂಗಳುಗಟ್ಟಲೆ ಮಾತಾಡುತ್ತಿದ್ದನೆಂದೂ, ಅದು ಪ್ರೇಯಸಿಯಂತೆ ಮಾತಾಡಿ ಅವನನ್ನು ಮನೆಯವರಿಂದ ದೂರ ಸೆಳೆಯಿತೆಂದೂ ಅವನ ತಾಯಿ ಅದೇ ವರ್ಷದ ಅಕ್ಟೋಬರಿನಲ್ಲಿ ದಾವೆ ಹೂಡಿದಳು. ಯಂತ್ರದ ಮಾತಿಗೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ಪ್ರತಿವಾದಿಗಳು ವಾದಿಸಿದರು. ಆ ಹಂತದಲ್ಲಿ ಅದನ್ನು 'ವಾಕ್ಕು' ಎಂದು ಒಪ್ಪಲು ಸಿದ್ಧವಿಲ್ಲವೆಂದು 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ತಿಳಿಸಿ, ದಾವೆ ಮುಂದುವರಿಯಲು ಬಿಟ್ಟರು. 2026ರ ಜನವರಿಯಲ್ಲಿ ಉಭಯಪಕ್ಷದವರೂ ರಾಜಿಗೆ ಬಂದುದನ್ನು ನ್ಯಾಯಾಲಯಕ್ಕೆ ತಿಳಿಸಿದರು. ಅಷ್ಟರಲ್ಲಿ ಆ ಕಂಪನಿಯು ಹದಿನೆಂಟರೊಳಗಿನವರಿಗೆ ಇಂಥ ಮುಕ್ತ ಸಂಭಾಷಣೆಯನ್ನು 2025ರ ನವೆಂಬರಿನಿಂದ ನಿಲ್ಲಿಸುವುದಾಗಿ ತಾನೇ ಪ್ರಕಟಿಸಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿ ನೆನಪಾಗದಿರದು.

ಎರಡನೆಯದು, ಕೃತಕ ಚಿತ್ರಗಳಿಂದಾಗುವ ಮಾನಹಾನಿ. 2023ರ ಸೆಪ್ಟೆಂಬರಿನಲ್ಲಿ ಸ್ಪೇನ್ ದೇಶದ ಅಲ್ಮೆಂದ್ರಾಲೆಹೋ ಎಂಬ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾಲಕಿಯರ ಸಾಧಾರಣ ಭಾವಚಿತ್ರಗಳನ್ನು ಒಂದು ತಂತ್ರಾಂಶದಿಂದ ನಗ್ನ ಚಿತ್ರಗಳಾಗಿ ಮಾರ್ಪಡಿಸಿ, ವಾಟ್ಸಾಪಿನಲ್ಲಿ ಹರಿಬಿಟ್ಟರು. ಇದನ್ನು ಮಾಡಿದವರು ಎಲ್ಲಿಯೋ ಅಡಗಿದ್ದ ದುಷ್ಟರಲ್ಲ. ಅದೇ ಊರಿನ ಹುಡುಗರು. 2024ರಲ್ಲಿ ನ್ಯಾಯಾಲಯವು ಹದಿನೈದು ಮಂದಿ ಬಾಲಕರನ್ನು ಒಂದು ವರ್ಷದ ನಿಗಾದಲ್ಲಿರಿಸಿ, ಸ್ತ್ರೀಪುರುಷ ಸಮಾನತೆಯ ಮತ್ತು ತಂತ್ರಜ್ಞಾನದ ಹೊಣೆಯರಿತ ಬಳಕೆಯ ಪಾಠಗಳಿಗೆ ಹಾಜರಾಗುವಂತೆ ವಿಧಿಸಿತು. ಹಾನಿಗೊಳಗಾದವರೂ ಮಕ್ಕಳೇ, ಹಾನಿ ಮಾಡಿದವರೂ ಮಕ್ಕಳೇ. ಆ ಸಾಧನವನ್ನು ಅವರ ಕೈಗೆಟುಕುವಲ್ಲಿ ಇಟ್ಟವರು ಮಾತ್ರ ದೊಡ್ಡವರು.

ಮೂರನೆಯದು, ಕಣ್ಣಿಗೆ ಕಾಣದ ಕದಿಯುವಿಕೆ. ಮಗು ಆಡಿದ ಮಾತು, ಕೇಳಿದ ಪ್ರಶ್ನೆ, ತೋಡಿಕೊಂಡ ಭಯ ಎಲ್ಲವೂ ಎಲ್ಲಿಯೋ ಶೇಖರವಾಗುತ್ತವೆ. 2017ರ ಫೆಬ್ರವರಿಯಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು 'ಮೈ ಫ್ರೆಂಡ್ ಕೇಲಾ' ಎಂಬ ಮಾತಾಡುವ ಗೊಂಬೆಯನ್ನು ಗುಪ್ತ ಗೂಢಚಾರಿಕೆಯ ಉಪಕರಣವೆಂದು ಸಾರಿ, ನಿಷೇಧಿಸಿತು. ಅದನ್ನು ಕೊಂಡ ಹೆತ್ತವರಿಗೆ ಗೊಂಬೆಯನ್ನು ನಿರುಪಯುಕ್ತಗೊಳಿಸಲು ಹೇಳಿತು. ಮಗುವಿನ ಮಗ್ಗುಲಲ್ಲಿ ಮಲಗುವ ಗೊಂಬೆಯನ್ನು ಒಂದು ಸರ್ಕಾರವು ಗೂಢಚಾರನೆಂದು ಕರೆದುದು ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯೇ ಸರಿ.

ಪರದೇಶಗಳ ಕಾಯಿದೆಗಳು

ಯೂರೋಪಿನ ಒಕ್ಕೂಟವು ಕೃತಕ ಬುದ್ಧಿಮತ್ತೆಯನ್ನು ಕುರಿತು ಒಂದು ಸಮಗ್ರವಾದ ಕಾಯಿದೆಯನ್ನು ಮಾಡಿದೆ. 2024ರ ಆಗಸ್ಟ್ 1ರಂದು ಅದು ಜಾರಿಗೆ ಬಂದಿತು. ಅದರ ನಿಷೇಧಗಳು 2025ರ ಫೆಬ್ರವರಿ 2ರಿಂದ ಅನ್ವಯವಾದವು. ವಯಸ್ಸಿನಿಂದುಂಟಾಗುವ ದೌರ್ಬಲ್ಯವನ್ನು ದುರುಪಯೋಗಪಡಿಸಿಕೊಂಡು, ಒಬ್ಬರ ನಡತೆಯನ್ನು ತಿರುಚಿ ಗಣನೀಯ ಹಾನಿ ಮಾಡುವ ಯಂತ್ರಗಳಿಗೆ ಅಲ್ಲಿ ಅವಕಾಶವಿಲ್ಲ. ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣ ಹೊರತು, ಶಾಲೆಗಳಲ್ಲಿ ವಿದ್ಯಾರ್ಥಿಗಳ ಮುಖಭಾವದಿಂದ ಮನೋಭಾವವನ್ನು ಅಳೆಯುವ ಯಂತ್ರಗಳನ್ನೂ ಅದು ನಿಷೇಧಿಸಿದೆ. ಈ ನಿಷೇಧಗಳನ್ನು ಮೀರಿದವರಿಗೆ ಮೂರೂವರೆ ಕೋಟಿ ಯೂರೋವರೆಗೆ, ಇಲ್ಲವೆ ಪ್ರಪಂಚದಾದ್ಯಂತದ ವಾರ್ಷಿಕ ವಹಿವಾಟಿನ ಶೇಕಡ 7ರವರೆಗೆ ದಂಡ ವಿಧಿಸಬಹುದು. ಇಟಲಿಯು ಒಂದು ಹೆಜ್ಜೆ ಮುಂದೆ ಹೋಗಿ, 2025ರ ಸೆಪ್ಟೆಂಬರಿನ ತನ್ನ ಕಾಯಿದೆಯಲ್ಲಿ, ಹದಿನಾಲ್ಕರೊಳಗಿನ ಮಕ್ಕಳು ಇಂಥ ಯಂತ್ರಗಳನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ವಿಧಿಸಿತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾಯಿದೆಯು ವಿಶೇಷವಾಗಿ ಗಮನಾರ್ಹವಾದುದು. 2025ರ ಅಕ್ಟೋಬರ್ 13ರಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅವರು ಸಹಿ ಮಾಡಿದ ಈ ಕಾಯಿದೆ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಸಂಗಾತಿಯಂತೆ ಮಾತಾಡುವ ಯಂತ್ರಗಳ ಒಡೆಯರಿಗೆ ಇದು ಹಲವು ಕರ್ತವ್ಯಗಳನ್ನು ಹೇರುತ್ತದೆ. ಬಳಸುವವರು ಅಪ್ರಾಪ್ತವಯಸ್ಕರೆಂದು ತಿಳಿದಿದ್ದರೆ, ಎದುರಿಗಿರುವುದು ಮನುಷ್ಯನಲ್ಲ, ಯಂತ್ರವೆಂದೂ, ಸ್ವಲ್ಪ ವಿರಾಮ ಪಡೆಯಬೇಕೆಂದೂ ಮೂರು ಗಂಟೆಗೊಮ್ಮೆಯಾದರೂ ನೆನಪಿಸಬೇಕು. ಅಶ್ಲೀಲ ಚಿತ್ರಗಳು ಅವರ ಮುಂದೆ ಬಾರದಂತೆ ತಡೆಯಬೇಕು. ಆತ್ಮಹತ್ಯೆಯ ಮಾತು ಬಂದರೆ ಸಹಾಯವಾಣಿಯ ದಾರಿ ತೋರಿಸುವ ಏರ್ಪಾಡಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಹಾನಿಗೊಳಗಾದವರು ತಾವೇ ನ್ಯಾಯಾಲಯಕ್ಕೆ ಹೋಗಿ, ಪ್ರತಿಯೊಂದು ಉಲ್ಲಂಘನೆಗೆ ಸಾವಿರ ಡಾಲರ್ ಅಥವಾ ನಿಜವಾಗಿ ಆದ ನಷ್ಟ, ಇವೆರಡರಲ್ಲಿ ಹೆಚ್ಚಿನದನ್ನು ಪಡೆಯಬಹುದು.

ಅದೇ ದಿನ ಆ ರಾಜ್ಯಪಾಲರು ಇದಕ್ಕಿಂತ ಬಿಗಿಯಾದ ಇನ್ನೊಂದು ಮಸೂದೆಗೆ ಸಹಿ ಹಾಕದೆ ಹಿಂದಿರುಗಿಸಿದರೆಂಬುದನ್ನೂ ಹೇಳಬೇಕು. ಅದರ ನಿರ್ಬಂಧಗಳು ಬಹು ವ್ಯಾಪಕವಾಗಿದ್ದು, ಮಕ್ಕಳಿಗೆ ಈ ಸಾಧನಗಳು ಪೂರ್ತಿಯಾಗಿ ಇಲ್ಲದಂತಾದೀತೆಂದು ಅವರು ಕಾರಣ ಕೊಟ್ಟರು. ಕೃತಕ ಚಿತ್ರಗಳ ವಿಷಯದಲ್ಲಿ ಅಮೆರಿಕದ ಕೇಂದ್ರ ಶಾಸನವೊಂದು 2025ರ ಮೇ 19ರಂದು ಅಂಗೀಕಾರ ಪಡೆಯಿತು. ಒಪ್ಪಿಗೆಯಿಲ್ಲದೆ ಪ್ರಕಟವಾದ ನಗ್ನಚಿತ್ರಗಳನ್ನು, ಅವು ಯಂತ್ರನಿರ್ಮಿತವಾದರೂ ಸರಿ, ದೂರು ಬಂದ 48 ಗಂಟೆಗಳೊಳಗೆ ತಾಣಗಳು ತೆಗೆದುಹಾಕಬೇಕೆಂದು ಅದರ ವಿಧಿ. ಇದರ ಏರ್ಪಾಡಿಗಾಗಿ ತಾಣಗಳಿಗೆ ಒಂದು ವರ್ಷದ ಗಡುವು ಕೊಡಲಾಗಿತ್ತು.

ನಮ್ಮ ದೇಶದ ಕಾಯಿದೆಗಳು

ಭಾರತದಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಕ್ಕಳನ್ನು ಕಾಪಾಡಲೆಂದೇ ಮಾಡಿದ ಒಂದು ಪ್ರತ್ಯೇಕ ಕಾಯಿದೆಯಿಲ್ಲ. ಆದರೆ ಹಲವು ಕಾಯಿದೆಗಳಲ್ಲಿ ಹಂಚಿಹೋದ ರಕ್ಷಣೆಯುಂಟು.

ಚಿತ್ರಗಳ ವಿಷಯದಲ್ಲಿ ನಮ್ಮ ಕಾನೂನು ಹಿಂದೆ ಬಿದ್ದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67-ಬಿ ಪ್ರಕರಣವು ಮಕ್ಕಳ ಅಶ್ಲೀಲ ಚಿತ್ರಗಳನ್ನು ಪ್ರಕಟಿಸುವುದನ್ನಷ್ಟೇ ಅಲ್ಲದೆ ಸೃಷ್ಟಿಸುವುದನ್ನೂ, ಸಂಗ್ರಹಿಸುವುದನ್ನೂ ಅಪರಾಧವಾಗಿ ಎಣಿಸುತ್ತದೆ. ಮೊದಲ ಸಲ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ಜುಲ್ಮಾನೆ. 2012ರ ಪೋಕ್ಸೊ ಕಾಯಿದೆಗೆ 2019ರಲ್ಲಿ ಸೇರಿಸಿದ ವ್ಯಾಖ್ಯೆಯು ಇನ್ನೂ ದೂರದೃಷ್ಟಿಯದು. ನಿಜವಾದ ಮಗುವಿನಿಂದ ಬೇರೆಯೆಂದು ಗುರುತಿಸಲಾಗದಂಥ ಕಂಪ್ಯೂಟರ್ ನಿರ್ಮಿತ ಚಿತ್ರವನ್ನೂ, ತಿದ್ದಿ ಮಾರ್ಪಡಿಸಿದ ಚಿತ್ರವನ್ನೂ ಅದು ಒಳಗೊಳ್ಳುತ್ತದೆ. ಚಾಟ್‌ಜಿಪಿಟಿ ಬರುವುದಕ್ಕೆ ಮೂರು ವರ್ಷ ಮೊದಲೇ ನಮ್ಮ ಪಾರ್ಲಿಮೆಂಟು ಈ ಮಾತನ್ನು ಬರೆದಿಟ್ಟಿತ್ತೆಂಬುದು ಸಮಾಧಾನದ ಸಂಗತಿ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು, ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಲ್ಲುದೆಂದು ವಿವರಿಸಿ, ಅವುಗಳಿಗೆ 'ಅಶ್ಲೀಲ ಚಿತ್ರ' ಎಂಬ ಹಗುರವಾದ ಹೆಸರನ್ನು ಬಿಟ್ಟು, ಮಕ್ಕಳ ಶೋಷಣೆಯನ್ನೂ ದೌರ್ಜನ್ಯವನ್ನೂ ಸೂಚಿಸುವ ಹೆಸರನ್ನು ಬಳಸಬೇಕೆಂದು ಹೇಳಿತು. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ತಿದ್ದುಪಡಿ ನಿಯಮಗಳು ಯಂತ್ರನಿರ್ಮಿತ ಚಿತ್ರ ಮತ್ತು ಧ್ವನಿಗಳ ಮೇಲೆ ಅವು ಅಂಥವೆಂಬ ಗುರುತು ಇರಬೇಕೆಂದು ಕಡ್ಡಾಯ ಮಾಡಿವೆ.

ಮಾಹಿತಿಯ ಕಳವಿನ ವಿಷಯಕ್ಕೆ ಬರೋಣ. ಇದರ ಚರಿತ್ರೆಯಲ್ಲಿ ಕನ್ನಡ ನಾಡಿನ ಒಂದು ಹೆಸರು ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ಬೀಜದಿಂದ ಮೊಳೆತುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಆ ಕಾಯಿದೆಯಂತೆ ಹದಿನೆಂಟರೊಳಗಿನವರೆಲ್ಲರೂ ಮಕ್ಕಳು. ಅದರ 9ನೆಯ ಪ್ರಕರಣದಂತೆ ಅವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಗುವಿನ ಕ್ಷೇಮಕ್ಕೆ ಹಾನಿಕರವಾಗುವಂತೆ ಅದನ್ನು ಬಳಸಕೂಡದು. ಮಕ್ಕಳ ಚಲನವಲನಗಳ ಜಾಡು ಹಿಡಿಯಕೂಡದು. ಅವರನ್ನೇ ಗುರಿಯಾಗಿಟ್ಟು ಜಾಹೀರಾತು ತೋರಿಸಕೂಡದು. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು ಪ್ರಕಟವಾದುದು 2025ರ ನವೆಂಬರಿನಲ್ಲಿ. ಈ ಕರ್ತವ್ಯಗಳಿಗೆ ಅವು ಇಟ್ಟಿರುವ ಗಡುವು ಹದಿನೆಂಟು ತಿಂಗಳು, ಅಂದರೆ 2027ರ ಮೇ.

ಯಾರ ಒಪ್ಪಿಗೆ?

ಕಾಗದದ ಮೇಲೆ ಇದು ಒಳ್ಳೆಯ ಕಾಯಿದೆ. ಆದರೆ ಅದನ್ನು ಓದುವಾಗ ನನಗೆ ಒಂದು ಸಂದೇಹ ಹುಟ್ಟಿತು. ಆ ಸಂದೇಹವನ್ನು ವಾಚಕರ ಮುಂದಿಡಲು ನಮ್ಮ ಮನೆಯ ಮಾತನ್ನು ಎರಡು ವಾಕ್ಯಗಳಲ್ಲಿ ಹೇಳಲೇಬೇಕಾಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಹೆಸರು ಬರೆಯಬಲ್ಲರು. ಅಮ್ಮ ಹೆಬ್ಬೆಟ್ಟು ಒತ್ತುತ್ತಾರೆ.

ನಮ್ಮ ಕಾಲೇಜಿನ ಎಷ್ಟೋ ಗೆಳೆಯರ ಮನೆಯ ಸ್ಥಿತಿ ಇದೇ ಎಂದು ಬಲ್ಲೆ. ಇಂಥ ಮನೆಗಳಲ್ಲಿ ಪಡಿತರ ಚೀಟಿಯ ಅರ್ಜಿ ತುಂಬುವವರು ಮಕ್ಕಳು, ಬ್ಯಾಂಕಿನಿಂದ ಬಂದ ಕಾಗದ ಓದಿ ಹೇಳುವವರು ಮಕ್ಕಳು. ಫೋನಿನ ಸಿಮ್ ಅಪ್ಪನ ಹೆಸರಿನಲ್ಲಿರುತ್ತದೆ, ಆಧಾರ್ ಅಮ್ಮನದಿರುತ್ತದೆ. ಆದರೆ ಅಮ್ಮನ ಫೋನಿಗೆ ಬರುವ ಓಟಿಪಿಯನ್ನು ಓದಿ ಒತ್ತುವವಳು ಎಂಟನೆಯ ತರಗತಿಯ ನನ್ನ ತಂಗಿ. ಒಪ್ಪಿಗೆ ಕೊಡುವವರು ವಯಸ್ಕರೆಂಬುದನ್ನು ಗುರುತಿನ ವಿವರಗಳಿಂದ ಖಚಿತಪಡಿಸಿಕೊಳ್ಳಬೇಕೆಂದು ನಿಯಮಗಳು ಹೇಳುತ್ತವೆ. ಗುರುತಿನ ವಿವರ ಅಮ್ಮನದೇ ಆಗಿರುತ್ತದೆ. ಒತ್ತಿದ ಬೆರಳು ತಂಗಿಯದು. ಕಾಯಿದೆಯ ಪುಸ್ತಕದಲ್ಲಿ ಅದು ತಾಯಿಯ ಒಪ್ಪಿಗೆಯಾಗಿ ದಾಖಲಾಗುತ್ತದೆ. ಕಂಪನಿಯ ಹೊಣೆ ಅಲ್ಲಿಗೆ ಹಗುರಾಗುತ್ತದೆ. 1903ರಲ್ಲಿ ಪ್ರಿವಿ ಕೌನ್ಸಿಲು ಶೂನ್ಯವೆಂದ ಮಗುವಿನ ಒಪ್ಪಿಗೆಯು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು.

ಈ ಕಾಯಿದೆಯು ತಿಳುವಳಿಕೆಯ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದಲು ಅವಕಾಶವಿರಬೇಕೆಂದು ವಿಧಿಸಿರುವುದು ನಿಜ. ಕನ್ನಡಕ್ಕೆ ದೊರೆತ ಈ ಹಕ್ಕು ಸಂತೋಷದ ವಿಷಯ. ಆದರೆ ಅಕ್ಷರವೇ ಬಾರದ ತಾಯಿಗೆ ಇಂಗ್ಲಿಷ್ ಪತ್ರವೂ ಒಂದೇ, ಕನ್ನಡ ಪತ್ರವೂ ಒಂದೇ.

ಇದರಿಂದ ನಮ್ಮ ತಾಯಂದಿರಿಗೆ ಮಕ್ಕಳ ಮೇಲೆ ನಿಗಾ ಇಲ್ಲವೆಂದು ಯಾರೂ ಭಾವಿಸಬಾರದು. ಯಾವ ಬಾವಿಗೆ ಕಟ್ಟೆಯಿಲ್ಲ, ಯಾವ ಹಾದಿಯಲ್ಲಿ ಕತ್ತಲಾದ ಮೇಲೆ ಹೋಗಬಾರದು, ಊರಿನಲ್ಲಿ ಯಾರ ಮನೆಗೆ ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸಬಾರದು ಎಂಬುದೆಲ್ಲ ಅವರಿಗೆ ಬೆರಳ ತುದಿಯಲ್ಲಿದೆ. ಕಣ್ಣಿಗೆ ಕಾಣುವ ಕೇಡನ್ನು ಅವರು ಕಾಯಬಲ್ಲರು. ಅಂಗೈಯ ಗಾಜಿನೊಳಗೆ, ತಮಗೆ ಬಾರದ ಲಿಪಿಯಲ್ಲಿ ನಡೆಯುವ ಸಂಭಾಷಣೆಯನ್ನು ಅವರು ಹೇಗೆ ಕಾದಾರು?

ಬಾವಿಯ ಮಾತು ಬಂದುದರಿಂದ ಇನ್ನೊಂದು ಹೋಲಿಕೆ ಹೇಳುತ್ತೇನೆ. ನಮ್ಮ ನಾಡಿನಲ್ಲಿ ತೆರೆದ ಕೊಳವೆಬಾವಿಗೆ ಮಕ್ಕಳು ಬಿದ್ದ ದುರಂತಗಳನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವನ್ನು ಸುಮಾರು 20 ಗಂಟೆಗಳ ಹೋರಾಟದ ಮೇಲೆ ಜೀವಸಹಿತ ಮೇಲೆತ್ತಿದಾಗ ನಾಡೆಲ್ಲ ನಿಟ್ಟುಸಿರು ಬಿಟ್ಟಿತು. 2010ರಲ್ಲಿಯೇ ಸುಪ್ರೀಂ ಕೋರ್ಟು ಈ ಬಗ್ಗೆ ನಿರ್ದೇಶನಗಳನ್ನು ಕೊಟ್ಟಿತ್ತು: ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಬಾಯಿಗೆ ಮುಚ್ಚಳ ಬಿಗಿಯಬೇಕು, ನೀರು ಬಾರದ ಬಾವಿಯನ್ನು ತುದಿಯವರೆಗೆ ಮುಚ್ಚಬೇಕು. ಇಲ್ಲಿ ನ್ಯಾಯಾಲಯವು ತಾಯಿಯ ಒಪ್ಪಿಗೆಯ ಮಾತನ್ನೇ ಎತ್ತಲಿಲ್ಲ. ಬಾವಿ ತೋಡಿದವನೇ ಬಾಯಿ ಮುಚ್ಚಬೇಕೆಂದಿತು. ಕೃತಕ ಬುದ್ಧಿಮತ್ತೆಯ ಕಾಯಿದೆಗಳಲ್ಲಿಯೂ ಎರಡು ಬಗೆಗಳಿವೆ: ಹೆತ್ತವರ ಒಪ್ಪಿಗೆಯನ್ನು ನೆಚ್ಚುವವು ಒಂದು ಬಗೆ, ತಯಾರಕನ ಮೇಲೆ ಕರ್ತವ್ಯವನ್ನು ಹೊರಿಸುವವು ಇನ್ನೊಂದು ಬಗೆ. ಓದುಬರಹ ಬಲ್ಲ, ಬಿಡುವುಳ್ಳ ಹೆತ್ತವರ ಮಕ್ಕಳಿಗೆ ಮೊದಲನೆಯದು ಸಾಕಾದೀತು. ಬೆಳಗ್ಗೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುವವರ ಮಕ್ಕಳನ್ನು ಕಾಯಬಲ್ಲುದು ಎರಡನೆಯದೇ.

ನಮ್ಮ 2023ರ ಕಾಯಿದೆಯಲ್ಲಿ ಎರಡೂ ಬಗೆಯ ಅಂಶಗಳಿವೆಯೆಂಬುದನ್ನು ಮರೆಯಬಾರದು. ಜಾಡು ಹಿಡಿಯಕೂಡದು, ಹಾನಿಯಾಗುವಂತೆ ಬಳಸಕೂಡದು ಎಂಬ ವಿಧಿಗಳು ಕಂಪನಿಯ ಮೇಲೆಯೇ ಬೀಳುತ್ತವೆ. ಇವುಗಳನ್ನು ಬಿಗಿಯಾಗಿ ನಡೆಸಿದರೆ ಒಪ್ಪಿಗೆಯ ದೌರ್ಬಲ್ಯವು ಬಹುಮಟ್ಟಿಗೆ ನೀಗುತ್ತದೆ. ಇನ್ನೊಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಈ ಕಾಯಿದೆಯಂತೆ ವಸೂಲಾದ ದಂಡದ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ. ನೊಂದ ಮಗುವಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಯಿದೆಯು ನೊಂದವರಿಗೇ ದಾವೆಯ ಹಕ್ಕು ಕೊಟ್ಟಿರುವುದನ್ನು ಇದರೊಡನೆ ಹೋಲಿಸಿ ನೋಡಬೇಕು.

ಚರಿತ್ರೆಯ ಪಾಠ

ಹೊಸ ಯಂತ್ರದಿಂದ ಮಕ್ಕಳನ್ನು ಕಾಪಾಡುವ ಪ್ರಯತ್ನ ಚರಿತ್ರೆಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಹತ್ತಿ ಗಿರಣಿಗಳ ಬಾಲಕಾರ್ಮಿಕರಿಗಾಗಿ 1802ರಲ್ಲಿಯೇ ಒಂದು ಕಾಯಿದೆಯಾಗಿತ್ತು. ಆದರೆ ಅದರ ತನಿಖೆಯನ್ನು ಸ್ಥಳೀಯ ದೊಡ್ಡಮನುಷ್ಯರ ಪುರುಸೊತ್ತಿಗೆ ಬಿಟ್ಟಿದ್ದರಿಂದ ಅದು ಹೆಸರಿಗಷ್ಟೇ ಉಳಿಯಿತು. 1833ರ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಅಷ್ಟೇ ಅಲ್ಲ, ಗಿರಣಿಯೊಳಗೆ ನುಗ್ಗಿ ನೋಡುವ ಅಧಿಕಾರವುಳ್ಳ ನಾಲ್ವರು ಇನ್‌ಸ್ಪೆಕ್ಟರುಗಳನ್ನು ಸರ್ಕಾರದಿಂದಲೇ ನೇಮಿಸಿತು. ಕಾಯಿದೆಗೆ ಕೈಕಾಲು ಬಂದುದು ಆಗಲೇ.

ಅಂದಿನವರಿಗೂ ವಯಸ್ಸಿನ ಸಮಸ್ಯೆಯೇ ದೊಡ್ಡ ತೊಡಕಾಗಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರದ ಜನನ ನೋಂದಣಿ ಆರಂಭವಾದುದೇ 1837ರಲ್ಲಿ. ಅದಕ್ಕೆ ಮೊದಲು ಮಗುವಿನ ಮೈಕಟ್ಟನ್ನು ನೋಡಿ, ಒಂಬತ್ತು ವರ್ಷದವರಂತೆ ಇದೆಯೆಂದು ವೈದ್ಯರು ಸರ್ಟಿಫಿಕೇಟು ಕೊಡುತ್ತಿದ್ದರು. ಇಂದಿನ ಕಂಪನಿಗಳು ಮಗುವಿನ ಮುಖವನ್ನೋ ಮಾತಿನ ಧಾಟಿಯನ್ನೋ ನೋಡಿ ವಯಸ್ಸನ್ನು ಊಹಿಸಲು ಹೊರಟಿರುವುದನ್ನು ಕಂಡಾಗ, ಇನ್ನೂರು ವರ್ಷ ಕಳೆದರೂ ನಾವು ಅಲ್ಲಿಯೇ ನಿಂತಿದ್ದೇವಲ್ಲ ಎನಿಸುತ್ತದೆ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ 1881ರಲ್ಲಿ ಆಯಿತು. ಅದು ದುಡಿಮೆಗೆ ಹಾಕಿದ ಕನಿಷ್ಠ ವಯಸ್ಸು ಏಳು! ಅಲ್ಲಿಂದ, ಹದಿನಾಲ್ಕರೊಳಗಿನ ಮಗುವನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ನಮ್ಮ ಸಂವಿಧಾನದ 24ನೆಯ ಅನುಚ್ಛೇದಕ್ಕೆ ಬರಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಈ ಸಲ ಅಷ್ಟು ಕಾಲ ಕಾಯುವಂತಿಲ್ಲ. ಗಿರಣಿಯನ್ನು ಕಟ್ಟಲು ವರ್ಷಗಳು ಬೇಕಾಗಿದ್ದವು, ಹೊಸ ಯಂತ್ರವು ಒಂದೇ ರಾತ್ರಿಯಲ್ಲಿ ಊರೂರಿಗೂ ಬರುತ್ತದೆ.

ಆಕ್ಷೇಪಗಳು

ಹಾಗಾದರೆ ಮಕ್ಕಳಿಗೆ ಈ ಯಂತ್ರವನ್ನೇ ನಿಷೇಧಿಸಿಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಮನೆಪಾಠಕ್ಕೆ ಹಣವಿಲ್ಲದ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ಹಳ್ಳಿಯ ಹುಡುಗಿಗೆ, ಬೀಜಗಣಿತದ ಒಂದು ಲೆಕ್ಕವನ್ನು ಹತ್ತು ಸಲ ಕೇಳಿದರೂ ಗದರಿಸದೆ ಕನ್ನಡದಲ್ಲಿ ವಿವರಿಸುವ ಯಂತ್ರವು ಸಣ್ಣ ಉಪಕಾರವಲ್ಲ. ಪೂರ್ತಿ ನಿಷೇಧದಿಂದ ನಷ್ಟ ಅನುಭವಿಸುವವರು ಪಟ್ಟಣದ ಅನುಕೂಲವಂತರ ಮಕ್ಕಳಲ್ಲ, ಅವಳೇ. ಪಾಠ ಹೇಳುವ ಯಂತ್ರಕ್ಕೂ ಪ್ರೇಮದ ಸೋಗು ಹಾಕುವ ಯಂತ್ರಕ್ಕೂ ಇರುವ ಅಂತರವನ್ನು ಕಾಯಿದೆಯು ಗುರುತಿಸಬೇಕು.

ವಯಸ್ಸಿನ ಪುರಾವೆ ಕೇಳಹೊರಟರೆ ಎಲ್ಲರೂ ತಮ್ಮ ಗುರುತಿನ ಚೀಟಿಯನ್ನು ಕಂಪನಿಗಳಿಗೆ ಒಪ್ಪಿಸಬೇಕಾದೀತು, ಅದರಿಂದ ಖಾಸಗಿತನಕ್ಕೇ ಧಕ್ಕೆ ಬಂದೀತು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಬೇಲಿಯೇ ಎದ್ದು ಹೊಲ ಮೇಯಬಾರದು. ಆದುದರಿಂದಲೇ ವಯಸ್ಸನ್ನು ಅಳೆಯುವುದಕ್ಕಿಂತ ಯಂತ್ರವನ್ನೇ ನಿರಪಾಯಗೊಳಿಸುವುದು ಲೇಸು. ಆತ್ಮಹತ್ಯೆಯ ಮಾತಿಗೆ ತಲೆದೂಗದ ಯಂತ್ರವು ಹದಿನಾಲ್ಕರವನಿಗೂ ಒಳ್ಳೆಯದು, ನಲವತ್ತರವನಿಗೂ ಒಳ್ಳೆಯದು.

ಉಪಸಂಹಾರ

ಈ ವಿಚಾರದಿಂದ ನಾನು ಕಂಡುಕೊಂಡುದು ಇಷ್ಟು. ಮೊದಲನೆಯದಾಗಿ, ಹೊಣೆಯು ಯಂತ್ರದ ಒಡೆಯನದಾಗಿರಬೇಕು. ಹೆತ್ತವರ ಒಪ್ಪಿಗೆಯು ಆ ಹೊಣೆಗೆ ಪೂರಕವಾಗಬೇಕೇ ಹೊರತು ಬದಲಿಯಾಗಬಾರದು. ಎರಡನೆಯದಾಗಿ, 1833ರ ಇನ್‌ಸ್ಪೆಕ್ಟರುಗಳಂತೆ, ಯಂತ್ರದ ಒಳಗನ್ನು ಬಿಚ್ಚಿಸಿ ನೋಡುವ ಅಧಿಕಾರವುಳ್ಳವರು ಇರಬೇಕು. ಮೂರನೆಯದಾಗಿ, ನೊಂದವರು ತಮ್ಮ ತಾಯ್ನುಡಿಯಲ್ಲಿ, ಬಾಯಿಮಾತಿನಲ್ಲಿಯೇ ದೂರು ಕೊಡುವಂತಿರಬೇಕು. ಪರಿಹಾರವು ಅವರ ಕೈ ಸೇರಬೇಕು.

ಕಾಯಿದೆಗಳು ಆಗುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಮಕ್ಕಳ ನೆರವಿಗೆ 1098, ಸೈಬರ್ ಅಪರಾಧದ ದೂರಿಗೆ 1930, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿಯ 14416 ಈ ಮೂರು ಸಂಖ್ಯೆಗಳು ಇಂದಿಗೂ ನಮ್ಮ ಊರುಗಳ ಗೋಡೆಗಳ ಮೇಲೆ ಕಾಣುವುದು ಅಪರೂಪ. ಇವುಗಳಲ್ಲಿ ಕೊನೆಯದು 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರವು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು ಪ್ರತಿವರ್ಷವೂ ಹಳ್ಳಿಗಳಲ್ಲಿ ಶಿಬಿರ ಹೂಡುತ್ತಾರೆ. ಚರಂಡಿ ತೆಗೆದು ಗಿಡ ನೆಡುವುದರ ಜೊತೆಗೆ, ಸಂಜೆಯ ಒಂದು ಗಂಟೆ ತಾಯಂದಿರನ್ನು ಕೂಡಿಸಿ, ಅವರ ಕೈಯಲ್ಲಿಯೇ ಇರುವ ಫೋನಿನೊಳಗೆ ಏನು ಮಾತಾಡುತ್ತದೆ, ಅದು ಏಕೆ ಮನುಷ್ಯನಲ್ಲ ಎಂಬುದನ್ನು ಅವರ ಮಾತಿನಲ್ಲಿ ತೋರಿಸಿದರೆ, ಅದು ಕಾಯಿದೆಯ ಒಂದು ಪ್ರಕರಣಕ್ಕಿಂತ ಕಡಿಮೆಯ ಸೇವೆಯೆನಿಸದು. ಅಕ್ಷರ ಕಲಿತ ಮೊದಲ ತಲೆಮಾರಿನವರಾದ ನಾವು ಇದುವರೆಗೆ ಹೆತ್ತವರ ಕಾಗದಗಳನ್ನು ಓದಿ ಹೇಳಿದ್ದೇವೆ. ಇನ್ನು ಮುಂದೆ ಈ ಯಂತ್ರವನ್ನೂ ಅವರಿಗೆ ಓದಿ ಹೇಳುವ ಭಾರ ನಮ್ಮ ಮೇಲೆಯೇ ಇದೆ.